ನಾಲ್ಕು ಗಂಟೆಯ ಹಸಿವು

ನಮ್ಮ ಲಾಂಡ್ರಿಯಲ್ಲಿರುವುದು ಒಂದೇ ಫೋನು, ಅದೂ ನನ್ನ ಇಸ್ತ್ರಿ ಮೇಜಿನ ಪಕ್ಕದ ಗೋಡೆಯಲ್ಲಿ. ಕೆಲಸಕ್ಕೆ ಬಂದ ಕೂಡಲೇ ಸೂಪರ್‌ವೈಸರ್ ನಮ್ಮ ಮೊಬೈಲುಗಳನ್ನೆಲ್ಲ ಡ್ರಾಯರಿಗೆ ಹಾಕಿ ಬೀಗ ಜಡಿಯುತ್ತಾನೆ. "ಮನೆಯಿಂದ ಫೋನ್ ಬಂದ್ರೆ ಮಕ್ಕಳಿಗೆ ಹಸಿವಾಗಿರ್ಬೇಕು, ಇಲ್ಲಾ ಜ್ವರ ಬಂದಿರ್ಬೇಕು. ಬೇರೆ ಪುರಾಣ ಬೇಡ" ಅನ್ನುವುದು ಅವನ ಅಪ್ಪಣೆ; ನಮ್ಮ ಮಕ್ಕಳಿಗೂ ಅದು ಬಾಯಿಪಾಠ. ಹಾಳಾದವನು, ಅವನ ಮನೆಯ ಮಕ್ಕಳು ಮಾತೇ ಆಡುವುದಿಲ್ಲವೇನೋ!

ನಾಲ್ಕು ಗಂಟೆಗೆ ಫೋನು ಬಂದರೆ ಅದು ಪುಟ್ಟಿಯದೇ. ಪುಟ್ಟಿ ಇಲ್ಲೇ ಬಟ್ಟೆ ಒಗೆಯುವ ನನ್ನ ತಂಗಿಯ ಮಗಳು, ಮೂರನೇ ಕ್ಲಾಸು. ಶಾಲೆಯಿಂದ ಬಂದು, ಕೊರಳಲ್ಲಿ ನೇತುಹಾಕಿಕೊಂಡ ಕೀಲಿಯಿಂದ ಬಾಗಿಲು ತೆಗೆದು, ಮತ್ತೆ ಒಳಗಿನಿಂದ ಬೀಗ ಹಾಕಿಕೊಂಡರೆ, ಅಮ್ಮ ಬರುವ ತನಕ ಅವಳಿಗೆ ನಾಲ್ಕು ಗೋಡೆ ಮತ್ತೊಂದು ಹಳೇ ಮೊಬೈಲೇ ಗತಿ. ಕೆಳಗೆ ಮಕ್ಕಳು ಆಡುತ್ತಿರುತ್ತವೆ. ಇವಳು ಹೋದರೆ "ನಿಂಗೆ ಓಡಕ್ಕಾಗಲ್ಲ, ನೀನು ಬೇಡ" ಅನ್ನುತ್ತವೆ. ಹೆಸರಿಗೆ ಪುಟ್ಟಿ. ಐದನೇ ಕ್ಲಾಸಿನವರ ಯೂನಿಫಾರ್ಮೂ ಅವಳಿಗೆ ಬಿಗಿ.

"ದೊಡ್ಡಮ್ಮಾ, ಹಸಿವು. ಅಮ್ಮನ್ನ ಕರಿ."

ನಾನು ಕೂಗಿದರೆ ತಂಗಿ ಒದ್ದೆ ಕೈ ಒರೆಸಿಕೊಳ್ಳುತ್ತ ಮಷಿನ್ನುಗಳ ಕಡೆಯಿಂದ ಓಡಿ ಬರುತ್ತಿದ್ದಳು. "ಡಬ್ಬೀಲಿ ಬಿಸ್ಕತ್ತಿದೆ, ತಿನ್ನು ಕಂದಾ. ಯಾವ ಡಬ್ಬಿನಾ? ಮೇಲಿನ ಗೂಡಲ್ಲಿ ನೋಡು... ಸಿಕ್ತಾ? ಬ್ರೆಡ್ಡಿಗೆ ಜಾಮ್ ಹಚ್ಕೋ." ಮಗು ಹುಡುಕುವಷ್ಟು ಹೊತ್ತು ಮಾತು. ಸೂಪರ್‌ವೈಸರ್ ಕೆಮ್ಮಿದರೆ ಮುಗಿಯಿತು. ಅರ್ಧ ಗಂಟೆಗೆ ಮತ್ತೆ ಫೋನು, ಮತ್ತೆ ಹಸಿವು. "ನಿನ್ ಮಗಳ ಹೊಟ್ಟೇಲಿ ಇಲಿಗಳು ಸಂಸಾರ ಹೂಡಿವೆ ಕಣೇ" ಎಂದು ನಾನು ನಗುತ್ತಿದ್ದೆ.

ಹೀಗಿರುವಾಗ ಶಾಲೆಯಲ್ಲಿ ಮಕ್ಕಳ ತೂಕ ನೋಡಿದ ನರ್ಸು ತಂಗಿಯನ್ನು ಕರೆಸಿದಳು. ವಯಸ್ಸಿಗೆ ಮೀರಿದ ತೂಕ, ಒಂದು ಮಹಡಿ ಹತ್ತಿದರೆ ಏದುಸಿರು, ಹೀಗೇ ಬಿಟ್ಟರೆ ಮುಂದೆ ಕಷ್ಟ ಅಂದಳಂತೆ. ಪಾಪ, ಬೈಯಲಿಲ್ಲವಂತೆ. ಆದರೂ ತಂಗಿ ಮುಖ ಸಣ್ಣದು ಮಾಡಿಕೊಂಡು ಬಂದಳು. ಅವತ್ತೇ ಡಬ್ಬಿಗಳನ್ನೆಲ್ಲ ಖಾಲಿ ಮಾಡಿ, ಸೌತೆಕಾಯಿ ಹೆಚ್ಚಿಟ್ಟು, "ಇನ್ಮೇಲೆ ಹಸಿವು ಅಂತ ಫೋನ್ ಮಾಡ್ಬೇಡ" ಎಂದುಬಿಟ್ಟಳು.

ಫೋನು ನಿಂತುಹೋಯಿತು. ನಾನು ಒಂಟಿ ಹೆಂಗಸು, ನನಗೂ ದಿನಕ್ಕೆ ಪ್ರೀತಿಯಿಂದ ಕರೆಯುವ ದನಿ ಅಂತ ಇದ್ದದ್ದು ಅದೊಂದೇ. ನಾಲ್ಕಾದರೆ ಕೈ ಇಸ್ತ್ರಿಯ ಮೇಲೆ, ಕಿವಿ ಗೋಡೆಯ ಮೇಲೆ. ತಂಗಿಯೂ ಮಷಿನ್ನುಗಳ ಸದ್ದಿನ ನಡುವೆ ತಿರುತಿರುಗಿ ಇತ್ತ ನೋಡುತ್ತಿದ್ದಳು.

ಶಾಲೆಗೆ ರಜೆಯಿದ್ದ ದಿನ ತಂಗಿಗೆ ಕೆಲಸವಿತ್ತು, ನನಗಿರಲಿಲ್ಲ. ಅವರ ಮನೆಗೆ ಹೋಗಿ, ಪುಟ್ಟಿಯ ತಲೆ ಬಾಚುತ್ತ ಕೇಳಿದೆ.

"ಏನೇ, ಅಷ್ಟೊಂದು ಹಸಿವು ಈಗ ಎಲ್ಲಿ ಹೋಯ್ತು?"

"ಹಸಿವು ಇರ್ತಾನೇ ಇರ್ಲಿಲ್ಲ ದೊಡ್ಡಮ್ಮ. ಅಮ್ಮನ ಹತ್ರ ಮಾತಾಡ್ಬೇಕಿತ್ತು."

"ಮತ್ತೆ ಯಾಕೆ ತಿಂತಿದ್ದೆ?"

"ಹಸಿವು ಅಂತ ಹೇಳಿದ್ಮೇಲೆ ತಿನ್ನದೇ ಇದ್ರೆ ಸುಳ್ಳಾಗಲ್ವಾ?"

ಸುಳ್ಳು ಅಂದರೆ ನನ್ನ ತಂಗಿಗೆ ಮೈಯೆಲ್ಲ ಉರಿ. ಅವಳ ಗಂಡ ಸುಳ್ಳು ಹೇಳಿ ಹೇಳಿಯೇ ಮನೆ ಬಿಟ್ಟು ಹೋದವನು. ಸುಳ್ಳು ಹೇಳಬಾರದು ಅನ್ನುವುದೇ ಮಗುವಿಗೆ ಅವಳು ಕಲಿಸಿದ ಮೊದಲ ಪಾಠ. ಮರುದಿನ ಸಂಜೆಯ ಟೀ ಬಿಡುವಿನಲ್ಲಿ ತಂಗಿಯನ್ನು ಕೂರಿಸಿಕೊಂಡು ಎಲ್ಲ ಹೇಳಬೇಕು ಅಂದುಕೊಂಡೆ.

ಟೀಗೆ ಮುಂಚೆಯೇ ಫೋನು ಬಂತು.

"ದೊಡ್ಡಮ್ಮಾ, ಜ್ವರ. ಅಮ್ಮನ್ನ ಕರಿ."

ಆಡಿದ ಮಾತು ಸುಳ್ಳಾಗಲು ಬಿಡುವ ಮಗುವಲ್ಲ ಅದು. ಇಸ್ತ್ರಿಯ ಸ್ವಿಚ್ಚು ಆರಿಸಿ, ತಂಗಿಯ ಕೈ ಹಿಡಿದು ಎಳೆದುಕೊಂಡೇ ಹೊರಟೆ. "ಇಬ್ರೂ ಯಾಕೆ ಹೋಗ್ಬೇಕು?" ಅಂದ ಸೂಪರ್‌ವೈಸರ್. "ನಿನ್ ತಲೆ!" ಅಂದೆ. ದಾರಿಯುದ್ದಕ್ಕೂ ಏದುಸಿರಿನಲ್ಲೇ ಅವಳಿಗೆ ಎಲ್ಲ ಹೇಳಿದೆ.

ಬಾಗಿಲು ತೆಗೆದರೆ ಬಚ್ಚಲಲ್ಲಿ ನಲ್ಲಿ ಸುರಿಯುವ ಸದ್ದು. ಪುಟ್ಟಿ ಯೂನಿಫಾರ್ಮಿನಲ್ಲೇ ತಣ್ಣೀರಿನ ಕೆಳಗೆ ಕುಳಿತಿದ್ದಳು, ಹಲ್ಲು ಕಟಕಟ ಅನ್ನುತ್ತಿತ್ತು. ತಂಗಿ ಆ ನೀರಿನಲ್ಲೇ ಕುಸಿದು ಅವಳನ್ನು ತಬ್ಬಿಕೊಂಡಳು. ಮಗು ಅಮ್ಮನ ಕೈ ತೆಗೆದು ತನ್ನ ಹಣೆಯ ಮೇಲಿಟ್ಟುಕೊಂಡಿತು.

"ಇನ್ನೂ ಬಂದಿಲ್ಲಮ್ಮ, ಬೈಬೇಡ. ಇನ್ನೊಂದ್ ಸ್ವಲ್ಪ ಹೊತ್ತು ಕೂತ್ರೆ ಬಂದ್ಬಿಡುತ್ತೆ."