ಎದುರಿನ ಸೀಟು

ಬಸ್ಸಿನಲ್ಲಿ ಪಕ್ಕಪಕ್ಕದಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಒಂದೇ ಬೆಟ್ಟವನ್ನು ನೋಡುತ್ತ ಬೇರೆಬೇರೆ ಯೋಚನೆಯಲ್ಲಿ ಎಷ್ಟು ದೂರ ಬೇಕಾದರೂ ಹೋಗಬಹುದು. ಅತ್ತೆ ಸೊಸೆ ಹಾಗೆಯೇ ಪ್ರವಾಸದ ಅರ್ಧ ದಾರಿ ಸವೆಸಿದ್ದರು.

ಸೊಸೆ ಒಂದು ಮಾತು ಹೇಳಲೆಂದೇ ಈ ಪ್ರವಾಸಕ್ಕೆ ಇಬ್ಬರ ಹೆಸರೂ ಕೊಟ್ಟಿದ್ದಳು. ಅಂಗಡಿಯಲ್ಲಿ ಅದನ್ನು ಹೇಳಲು ಆಗುತ್ತಿರಲಿಲ್ಲ. ಹಳೆಯ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ, ಉದ್ದ ಕತ್ತರಿಸಿ ಕೊಡುವ ಅವರ ಅಂಗಡಿ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಬಟ್ಟೆ ಬದಲಾಯಿಸಲು ಕಟ್ಟಿದ ಪರದೆ, ಇಷ್ಟಕ್ಕೇ ತುಂಬಿಹೋಗುವಷ್ಟು ಕಿರಿದು. ಅತ್ತೆ ಅಳತೆ ತೆಗೆದು ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕುತ್ತಿದ್ದರು, ಸೊಸೆ ಹೊಲಿಯುತ್ತಿದ್ದಳು. ಯಂತ್ರ ನಿಂತಿತೆಂದರೆ ಗಿರಾಕಿ ಬಂದರೆಂದೇ ಅರ್ಥ. ಮನೆಯಲ್ಲಿ ಹೇಳೋಣವೆಂದರೆ ಊಟದ ಮೇಜಿನ ಎದುರು ಗಂಡನ ಫೋಟೋ. ಅವನು ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಬದುಕಿದ್ದಾಗ ಹೆಂಡತಿಯ ಅರ್ಧ ಮಾತನ್ನೂ ಕೇಳಿಸಿಕೊಳ್ಳದವನು ಈಗ ಗೋಡೆಯ ಮೇಲಿಂದ ಒಂದಕ್ಷರವನ್ನೂ ಬಿಡುತ್ತಿಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು.

ಹೇಳಬೇಕಾದ ಮಾತು ದೊಡ್ಡದೇನಲ್ಲ. ಹಿಂದಿನ ಬೀದಿಯ ಕನ್ನಡಕದ ಅಂಗಡಿಯವನು ಮದುವೆಯಾಗೋಣವೇ ಎಂದು ಕೇಳಿದ್ದ. ಅವಳಿಗೂ ಮನಸ್ಸಿತ್ತು. ಊರಿಗೆ ಹಿಂತಿರುಗಿ ಉತ್ತರ ಹೇಳುತ್ತೇನೆಂದು ಬಂದಿದ್ದಳು. ಅವನಿಗೆ ಹೂಂ ಅನ್ನುವುದು ಸುಲಭ. ಆಮೇಲೆ ಈ ಅತ್ತೆ ತನಗೆ ಏನಾಗುತ್ತಾರೆ? ಗಂಡ ಹೋದ ಮೇಲೆ ಅವಳನ್ನು ಮತ್ತೆ ಊಟಕ್ಕೆ ಕೂರಿಸಿದವರು, ಯಂತ್ರದ ಮುಂದೆ ಕೂರಿಸಿದವರು ಅವರೇ. ಅವರು ಮುಖ ತಿರುಗಿಸಿದರೆ ಎದ್ದು ಹೋಗುವ ಗಟ್ಟಿತನ ತನ್ನಲ್ಲಿಲ್ಲವೆಂದು ಅವಳಿಗೆ ಗೊತ್ತಿತ್ತು.

ಬಸ್ಸಿನಲ್ಲಿ ಮಾತಿಗೆ ಸಂದು ಸಿಕ್ಕಿರಲಿಲ್ಲ. ಗೈಡ್ ಹೆಂಗಸು ಉಸಿರಾಡುವುದಕ್ಕೂ ಮೈಕು ಕೆಳಗಿಡುತ್ತಿರಲಿಲ್ಲ. ಜೊತೆಗೆ ಬಂದಿದ್ದ ಹಲ್ಲಿನ ಡಾಕ್ಟರು ಮೊದಲ ದಿನವೇ ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟಿದ್ದರು. ಆ ಬೆಳಿಗ್ಗೆಯೂ ಮೈಕಮ್ಮ ಎಲ್ಲರನ್ನೂ ಎಬ್ಬಿಸಿ ಎರಡು ಸಾಲು ಹಿಂದಕ್ಕೆ ಸರಿಸಿದಳು. ದಿನಾ ಹೀಗೆ ಸರಿಯುತ್ತ ಎಲ್ಲರಿಗೂ ಒಮ್ಮೆ ಮುಂದಿನ ಗಾಜು, ಒಮ್ಮೆ ಹಿಂದಿನ ಕುಲುಕಾಟ ಸಿಗಬೇಕು ಎನ್ನುವುದು ಅವಳ ನಿಯಮ. “ಸೀಟು ಯಾರಪ್ಪನ ಆಸ್ತಿನೂ ಅಲ್ಲ, ಏಳಿ ಏಳಿ,” ಅಂದಳು. “ಇವತ್ತು ನಾವು ರೈಲಲ್ಲಿ ಬೆಟ್ಟ ದಾಟ್ತೀವಿ. ಖಾಲಿ ಬಸ್ಸು ಸಾಮಾನು ಹೊತ್ಕೊಂಡು ಬೆಟ್ಟ ಸುತ್ತಿ ಬಂದು ಆ ಕಡೆ ನಮಗೆ ಸಿಗುತ್ತೆ. ನಡುವಿನ ಸ್ಟೇಷನ್ ಹತ್ರ ರಸ್ತೆನೂ ಹಳಿನೂ ಸೇರುತ್ವೆ. ತಲೆ ಸುತ್ತೋರು, ಹೊಟ್ಟೆ ತೊಳೆಸೋರು ಅಲ್ಲಿಳಿದು ಬಸ್ ಹತ್ಬಹುದು. ನಾಚ್ಕೋಬೇಡಿ, ಎದುರಿನವರ ಮಡಿಲಲ್ಲಿ ವಾಂತಿ ಮಾಡೋದಕ್ಕಿಂತ ಅದು ವಾಸಿ.”

ರೈಲಿನಲ್ಲಿ ಸೀಟುಗಳು ಎದುರುಬದುರು. ಅತ್ತೆಯ ಮಂಡಿಗೆ ಸೊಸೆಯ ಮಂಡಿ ತಾಗುತ್ತಿತ್ತು. ಕಿಟಕಿಯಾಚೆ ಪೈನ್ ಮರಗಳು ಕೆಳಕ್ಕಿಳಿಯತೊಡಗಿದರೂ ಅತ್ತೆಯ ಕಣ್ಣು ಗಾಡಿಯೊಳಗೇ ಇತ್ತು.

“ಡಾಕ್ಟರ ಕೋಟು ನೋಡೇ. ಬಲಗೈ ತೋಳು ಒಂದು ಬೆರಳು ಉದ್ದ ಇಳಿದಿದೆ.”

“ಯಾಕತ್ತೆ?”

“ಹಲ್ಲು ಕಿತ್ತೂ ಕಿತ್ತೂ ಭುಜಾನೇ ಇಳಿದುಹೋಗಿದೆ, ಪಾಪ. ಹೊಲಿದವನ ತಪ್ಪಲ್ಲ.”

ಸೊಸೆ ನಕ್ಕಳು. ಆ ನಗು ಮುಗಿಯುವಷ್ಟರಲ್ಲಿ ರೈಲು ಸುರಂಗಕ್ಕೆ ನುಗ್ಗಿತು. ಕಿಟಕಿಯ ಗಾಜು ಕನ್ನಡಿಯಾಗಿ, ಬೆಟ್ಟವಿದ್ದ ಕಡೆ ಅವರಿಬ್ಬರ ಮುಖಗಳೇ ಕಾಣಿಸಿದವು. ಎದುರಿಗಿದ್ದ ಅತ್ತೆಗೆ ಹೇಳಲಾಗದ್ದನ್ನು ಅವಳು ಗಾಜಿನಲ್ಲಿದ್ದ ಅತ್ತೆಗೆ ಹೇಳಿದಳು.

“ಅತ್ತೆ, ಕನ್ನಡಕದ ಅಂಗಡಿಯವರು ನನ್ನ ಮದುವೆ ಆಗ್ತೀನಿ ಅಂದಿದ್ದಾರೆ. ನಂಗೂ ಮನಸ್ಸಿದೆ.”

ಹಳಿಗಳ ಸದ್ದು ಸುರಂಗದ ಗೋಡೆಗೆ ಬಡಿದು ಮರಳುತ್ತಿತ್ತು. ಗಾಜಿನಲ್ಲಿದ್ದ ಅತ್ತೆಯ ಮುಖ ಅಲುಗಲಿಲ್ಲ. ಆಮೇಲೆ ಒಮ್ಮೆಲೇ ಬೆಳಕು ಬಂತು, ಮುಖಗಳು ಹೋದವು, ಹಿಮ ಹೊತ್ತ ಶಿಖರಗಳು ಸಾಲಾಗಿ ಎದ್ದು ನಿಂತವು. ಗಾಡಿಯಲ್ಲಿದ್ದವರೆಲ್ಲ ಒಂದೇ ಸಲ ಅಬ್ಬಾ ಅಂದರು. ಅತ್ತೆ ಮಾತ್ರ ಮಡಿಲಲ್ಲಿದ್ದ ಚೀಲದ ಜಿಪ್ಪನ್ನು ಎಳೆದರು, ಬಿಟ್ಟರು, ಮತ್ತೆ ಎಳೆದರು. ಕೇಳಿಸಿತೋ ಇಲ್ಲವೋ. ಮತ್ತೊಮ್ಮೆ ಹೇಳಬೇಕೇ? ಒಂದು ಸಲ ಆಡಲು ಇಷ್ಟು ದಿನ ಹಿಡಿದ ಮಾತು ಎರಡನೆಯ ಸಲಕ್ಕೆ ಬಾಯಿಗೆ ಬರಲಿಲ್ಲ.

ನಡುವಿನ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಅತ್ತೆ ಎದ್ದರು. “ನಂಗೆ ತಲೆ ಸುತ್ತುತ್ತೆ.”

ನಲವತ್ತು ವರ್ಷ ಸೂಜಿಯ ಕಣ್ಣಿಗೆ ದಾರ ಪೋಣಿಸಿದರೂ ಒಮ್ಮೆಯೂ ತಲೆ ಸುತ್ತಿತು ಅಂದವರಲ್ಲ. ಕೇಳಿಸಿದೆ ಎಂದು ಸೊಸೆಗೆ ಖಾತ್ರಿಯಾಯಿತು.

ಮೈಕಮ್ಮ ಓಡಿಬಂದಳು. “ಅಯ್ಯೋ ಅಮ್ಮಾ, ಒಳ್ಳೆ ಭಾಗ ಇನ್ಮೇಲೇ ಬರೋದು!”

“ನೀವೆಲ್ಲ ನೋಡ್ಕೊಂಡು ಬನ್ರಮ್ಮ. ನಂಗೆ ಆಗ್ಲೇ ಹೊಟ್ಟೆ ತುಂಬ್ತು.”

“ನಾನೂ ಬರ್ತೀನಿ ಅತ್ತೆ,” ಸೊಸೆ ಏಳಹೋದಳು.

“ಕೂತ್ಕೊ. ನಿಂಗೇನು ತಲೆ ಸುತ್ತುತ್ತಿಲ್ವಲ್ಲ.”

ಅವರು ಹಿಂತಿರುಗಿ ನೋಡದೆ ಇಳಿದು, ಪ್ಲಾಟ್‌ಫಾರಂ ದಾಟಿ, ರಸ್ತೆಯಂಚಿನಲ್ಲಿ ನಿಂತಿದ್ದ ಬಸ್ಸು ಹತ್ತಿದರು.

ಮೈಕಮ್ಮ ಸುಳ್ಳು ಹೇಳಿರಲಿಲ್ಲ. ಇಷ್ಟು ಹೊತ್ತು ನೋಡಿದ್ದೆಲ್ಲ ಬರೀ ಮುನ್ನುಡಿ ಅನ್ನುವಂತೆ ಬೆಟ್ಟಗಳು ತೆರೆದುಕೊಂಡವು. ನೀಲಿ ಹಿಮಗಡ್ಡೆಯ ಗೋಡೆ, ಅದರ ಬುಡದಿಂದ ಸದ್ದಿಲ್ಲದೆ ಬೀಳುತ್ತಿರುವ ನೀರು, ಎಷ್ಟೋ ಕೆಳಗೆ ಒಂದು ಹೊಲ, ಅದರಲ್ಲಿ ಯಾರೋ ಒಬ್ಬರು ಬಗ್ಗಿ ಏನೋ ಮಾಡುತ್ತಿದ್ದರು. ಸೊಸೆ ಅದನ್ನೆಲ್ಲ ನೋಡಿದಳು. ಚಂದ ಅನ್ನಿಸಿತು, ಚಂದ ಅನ್ನಿಸಿದ್ದಕ್ಕೆ ಬೇಸರವೂ ಆಯಿತು. ಡಾಕ್ಟರು ಕ್ಯಾಮೆರಾ ಹಿಡಿದು ಬಂದು, “ಇಲ್ಲಿ ಯಾರಾದ್ರೂ ಇದ್ದಾರಾ?” ಎಂದು ಎದುರಿನ ಸೀಟು ತೋರಿಸಿ ಕೇಳಿದರು.

“ಇದ್ದಾರೆ,” ಅಂದಳು.

ಡಾಕ್ಟರು ಖಾಲಿ ಸೀಟನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಮುಂದಿನ ಕಿಟಕಿಗೆ ಹೋದರು.

ಕೆಳಗಿನ ರಸ್ತೆಯಲ್ಲಿ ಬಸ್ಸು ಆಗಾಗ ಕಾಣುತ್ತಿತ್ತು. ತಿರುವಿನಲ್ಲಿ ಬೆಂಕಿಪೊಟ್ಟಣದಷ್ಟಾಗಿ ಹೊಳೆದು ಬಂಡೆಯ ಹಿಂದೆ ಮರೆಯಾಗುತ್ತಿತ್ತು. ಮರೆಯಾದಾಗಲೆಲ್ಲ ಅವಳು ಗಾಜಿಗೆ ಹಣೆ ಒತ್ತಿ ಮುಂದಿನ ತಿರುವನ್ನು ಹುಡುಕುತ್ತಿದ್ದಳು. ಒಂದು ಕಡೆ ಅದು ಹಳಿಯಿಂದ ದೂರಕ್ಕೆ ತಿರುಗಿಕೊಂಡಿತು. ಆಮೇಲೆ ಕಾಣಲೇ ಇಲ್ಲ.

ಆ ಕಡೆಯ ಸ್ಟೇಷನ್ನಿಗೆ ರೈಲೇ ಮೊದಲು ಮುಟ್ಟಿತು. ಎಲ್ಲರೂ ಟೀ ಕುಡಿದು ಮುಗಿಸಿದ ಮೇಲೆ ಬಸ್ಸು ಬಂತು. ಅತ್ತೆ ಇಳಿಯಲಿಲ್ಲ. ಆ ದಿನ ಅವರ ಪಾಲಿಗೆ ಬಂದಿದ್ದ ಹಿಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂತಿದ್ದರು. ಸೊಸೆ ಹೋಗಿ ಪಕ್ಕದಲ್ಲಿ ಕೂತಳು.

“ತಲೆ ಸುತ್ತು ಹೇಗಿದೆ?”

“ನಂಗ್ಯಾವಾಗ ತಲೆ ಸುತ್ತಿತ್ತು?”

ಬಸ್ಸು ಹೊರಟಿತು. ಅತ್ತೆ ಕಿಟಕಿಯಾಚೆ ನೋಡುತ್ತ, ಯಾರಿಗೋ ಹೇಳುವ ಹಾಗೆ, ಶುರು ಮಾಡಿದರು.

“ಆ ಕನ್ನಡಕದವನ ಬೂದು ಕೋಟು ನಮ್ಮಂಗಡಿಗೆ ಮೂರು ಸಲ ಬಂತು. ಮೂರನೇ ಸಲ ಅಂಚು ತಿರುವಿ ನೋಡಿದೆ. ಸರಿಯಾಗಿರೋ ಹೊಲಿಗೆನ ಬಿಚ್ಚಿ, ಅದೇ ತೂತಿನ ಸಾಲಿನ ಪಕ್ಕ ಮತ್ತೆ ಹೊಲಿದಿದ್ದೀಯ. ಸುಳ್ಳು ಕೆಲಸ ಮಾಡೋಕೂ ಬರಲ್ಲ ನಿಂಗೆ. ಹಳೇ ತೂತಿನ ಮೇಲೆ ಇಸ್ತ್ರಿನಾದ್ರೂ ಎಳೀಬಾರ್ದಾ?”

ಸೊಸೆಯ ಕಿವಿ ಬಿಸಿಯಾಯಿತು. “ಗೊತ್ತಿದ್ದೂ ಮತ್ತೆ ಯಾಕತ್ತೆ ಇಳಿದು ಹೋದ್ರಿ?”

“ಗೊತ್ತಿರೋದು ಬೇರೆ ಕಣೇ, ಕಿವಿಗೆ ಬೀಳೋದು ಬೇರೆ. ಎದುರಿಗೇ ಕೂತಿದ್ರೆ ಅತ್ತುಬಿಡ್ತಿದ್ದೆ. ನಾನತ್ರೆ ನೀನು ಬೇಡ ಬಿಡಿ ಅಂತಿದ್ದೆ. ನಿನ್ನ ಬುದ್ಧಿ ನಂಗೊತ್ತಿಲ್ವಾ? ಅಷ್ಟೇನು ಒಳ್ಳೆಯವಳಲ್ಲ ನಾನು. ದಾರಿಯುದ್ದಕ್ಕೂ ನಿನ್ನ ಬೈಕೊಂಡೇ ಬಂದೆ. ಡ್ರೈವರಿಗೆ ಎಲ್ಲಾ ಹೇಳ್ಬಿಟ್ಟೆ.”

“ಅವರೇನಂದ್ರು?”

“ಅವನೇನಂತಾನೆ? ತಿರುವು ಬಂತು, ಕಂಬಿ ಹಿಡ್ಕೊಳಮ್ಮ ಅಂದ.”

ಇಬ್ಬರೂ ನಗಲಿಲ್ಲ, ಆದರೆ ನಗು ಅಲ್ಲೇ ಎಲ್ಲೋ ಸುಳಿಯಿತು. ಮುಂದೆ ಮೈಕಮ್ಮ ಎಡಕ್ಕೆ ನೋಡಿ, ಎಡಕ್ಕೆ ನೋಡಿ ಎಂದು ಕೂಗುತ್ತಿದ್ದಳು. ಅತ್ತೆ ನೋಡಿದ್ದು ಮಡಿಲಲ್ಲಿದ್ದ ತಮ್ಮ ಕೈಗಳನ್ನು.

“ಆಮೇಲೆ ನನ್ನ ಏನಂತ ಕರೀತೀಯ?”

ಸೊಸೆಗೆ ತನ್ನ ಪ್ರಶ್ನೆಯೇ ಇನ್ನೊಂದು ಬಾಯಿಂದ ಬಂದಂತಾಯಿತು. “ಅತ್ತೆ ಅಂತಾನೇ.”

“ಅಲ್ಲೊಬ್ಬ ಅತ್ತೆ ಇರ್ತಾಳಲ್ಲ. ಇಬ್ಬರೂ ಎದುರಿಗಿದ್ದಾಗ ಕರೆದ್ರೆ ಯಾರು ಓಗೊಡೋದು?”

“ಅವರ ತಾಯಿ ಇಲ್ಲ ಅತ್ತೆ. ತೀರಿಕೊಂಡು ಎಷ್ಟೋ ವರ್ಷ ಆಯ್ತು.”

“ಸದ್ಯ!”

ಬಾಯಿಂದ ಜಾರಿದ ಮೇಲೆ ಅತ್ತೆಗೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡರು. “ಅಯ್ಯೋ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ಪಾಪ, ಪುಣ್ಯಾತ್ಗಿತ್ತಿ.” ಅಷ್ಟಾದರೂ ಬೆರಳುಗಳ ಸಂದಿನಿಂದ ನಗು ಒಡೆದು ಬಂತು. ಸೊಸೆಯೂ ತಡೆಯಲಾರದೆ ನಕ್ಕಳು. ಡಾಕ್ಟರು ಹಿಂತಿರುಗಿ ನೋಡಿದರು. ನಗುತ್ತ ನಗುತ್ತಲೇ ಅತ್ತೆಯ ಭುಜ ಬೇರೆ ರೀತಿ ಅಲುಗತೊಡಗಿತು. ಅವರು ಕಿಟಕಿಯ ಕಡೆ ತಿರುಗಿದರು. ಅಳು ಸದ್ದಿಲ್ಲದೆ ಬರುತ್ತಿತ್ತು, ನಿಲ್ಲುವ ಸೂಚನೆ ಇರಲಿಲ್ಲ.

ಬೇಡ ಬಿಡಿ ಅತ್ತೆ ಎಂಬ ಮಾತು ಸೊಸೆಯ ನಾಲಿಗೆಯ ತುದಿಯವರೆಗೆ ಬಂತು. ಅವಳು ಅದನ್ನು ಅಲ್ಲೇ ಕಚ್ಚಿ ಹಿಡಿದಳು. ಅತ್ತೆಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಬಸ್ಸು ಘಟ್ಟ ಇಳಿಯುವವರೆಗೂ ಹಾಗೆಯೇ ಕೂತಿದ್ದಳು.