ಪಿಂಗಾಣಿಯ ಹಿಂಬದಿ

ನಮ್ಮ ಕಾರ್ಖಾನೆಯಲ್ಲಿ ಆಯುಧಪೂಜೆಯ ದಿನ ಯಂತ್ರಗಳಿಗೆ ವಿಭೂತಿ ಹಚ್ಚುವುದು ನನ್ನ ಪಾಲಿನ ಕೆಲಸ. ಹಳೆಯ ಯಜಮಾನರು ಚಂದ್ರಶೇಖರಯ್ಯನವರು ಅದನ್ನು ನನಗೆ ಒಪ್ಪಿಸಿದ್ದು ನಾನು ಸೇರಿದ ಎರಡನೆಯ ವರ್ಷ. ಅವರು ಹೋದ ಮೇಲೆ ಮಗ ವಿಶ್ವಾರಾಧ್ಯನೂ ಹಾಗೇ ಬಿಟ್ಟ. ಅವನನ್ನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನೋಡಿದ್ದೇನೆ, ಅದಕ್ಕೇ ಈಗಲೂ ನನ್ನ ಬಾಯಲ್ಲಿ ವಿಶ್ವ. ಚಾಮರಾಜಪೇಟೆಯ ಐದನೇ ಮುಖ್ಯರಸ್ತೆಯ ಹಿಂದಿನ ಸಂದಿಯಲ್ಲಿ ಎರಡು ಕೋಣೆಯ ಜಾಗ ನಮ್ಮದು. ಮುಂದಿನ ಕೋಣೆಯಲ್ಲಿ ನಾವು ನಾಲ್ಕು ಜನ ಹೆಂಗಸರು ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುತ್ತೇವೆ. ಹಿಂದಿನ ಕೋಣೆಯಲ್ಲಿ ಆಳೆತ್ತರದ ಜಾಲರಿಯ ಗೂಡು, ಅದರೊಳಗೆ ಪರೀಕ್ಷೆ. ನಾನು ಓದಿದ್ದು ಮೂರನೇ ಕ್ಲಾಸು. ಸುತ್ತು ಎಣಿಸುವುದಕ್ಕೆ ಅಷ್ಟು ಸಾಕಾಗಿತ್ತು.

ಕುಸುಮಾ ಬಂದು ಎರಡು ವರ್ಷ. ಮಲ್ಲೇಶ್ವರದಲ್ಲಿ ಸೊಪ್ಪು ತರಕಾರಿ ಮಾರುವ ಚಿಕ್ಕವೆಂಕಟಪ್ಪನ ಮಗಳು, ಎಂಜಿನಿಯರಿಂಗ್ ಓದಿದವಳು. ಅವಳು ಬರುವವರೆಗೆ ನಾವು ಸ್ಟೆಬಿಲೈಜರಿನ ಟ್ರಾನ್ಸ್‌ಫಾರ್ಮರ್ ಬಿಟ್ಟು ಬೇರೆ ಮಾಡಿದವರಲ್ಲ. ಹಣ್ಣಿನ ರಸವನ್ನು ಕುದಿಸದೆಯೇ ಅದರೊಳಗಿನ ಕ್ರಿಮಿ ಕೊಲ್ಲುವ ಯಂತ್ರವನ್ನು ಬಸವಪ್ರಭು ಎಂಬುವರು ಪೀಣ್ಯದಲ್ಲಿ ಕಟ್ಟುತ್ತಿದ್ದರು. ಅದಕ್ಕೊಂದು ಪಲ್ಸ್ ಟ್ರಾನ್ಸ್‌ಫಾರ್ಮರ್ ಬೇಕಿತ್ತು. ಅವರು ಹೊರದೇಶದಿಂದ ತರಿಸುವ ಬದಲು ನಾವೇ ಮಾಡಿಕೊಡೋಣ ಎಂದು ಕುಸುಮಾ ಪಟ್ಟು ಹಿಡಿದಳು. ವಿಶ್ವ ಒಪ್ಪಿದ, ಆದರೆ ಒಂದು ಮಾತು ಹೇಳಿದ. ಇದೊಂದು ಪರೀಕ್ಷೆಯಲ್ಲಿ ನಿಂತರೆ ಮುಂದೆ ನೀನು ಬರೆದದ್ದನ್ನೆಲ್ಲ ಮಾಡೋಣ, ನಿಲ್ಲದಿದ್ದರೆ ಸ್ಟೆಬಿಲೈಜರಿಗೇ ವಾಪಸ್. ಸ್ಟೆಬಿಲೈಜರಿಗೆ ಎಂಜಿನಿಯರ್ ಯಾಕೆ ಬೇಕು ಎನ್ನುವುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

ಪಲ್ಸ್ ಎಂದರೇನು ಎಂದು ನಾನು ಕೇಳಿದಾಗ ಅವಳು ನೀರಿನ ಕೊಡದ ಲೆಕ್ಕದಲ್ಲಿ ಹೇಳಿಕೊಟ್ಟಳು. ಮನೆಯ ಕರೆಂಟು ನಲ್ಲಿಯಲ್ಲಿ ನೀರು ಹರಿದ ಹಾಗೆ. ಇದು ಕೊಡ ತುಂಬಿಟ್ಟುಕೊಂಡು, ಕಣ್ಣು ಮಿಟುಕಿಸುವುದರೊಳಗೆ ಒಂದೇ ಸಲಕ್ಕೆ ಸುರಿದ ಹಾಗೆ. ಕೊಡವೆಂದರೆ ಕೆಪಾಸಿಟರ್. ಸುರಿದದ್ದನ್ನು ನಲವತ್ತು ಸಾವಿರ ವೋಲ್ಟಿಗೆ ಎತ್ತುವುದು ಟ್ರಾನ್ಸ್‌ಫಾರ್ಮರ್. ಹೊಡೆತ ಚುರುಕಾಗಬೇಕಾದರೆ ಒಳಸುತ್ತು ಹೊರಸುತ್ತು ಹತ್ತಿರ ಹತ್ತಿರ ಇರಬೇಕು. ಹತ್ತಿರ ಬಂದಷ್ಟೂ ನಡುವಿನ ಕಾಗದ ಸಿಡಿಯುವ ಭಯ. ಕುಸುಮಾ ಲೆಕ್ಕ ಹಾಕಿ ಹಾಕಿ, ಕೊನೆಗೆ ಧೈರ್ಯ ಮಾಡಿ ಎರಡು ಪದರ ಕಾಗದ ಕಡಿಮೆ ಮಾಡಿದಳು. ಸುತ್ತು ನೇರ ಬೇಡ, ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿ ಬರಲಿ, ನಮ್ಮಪ್ಪನ ಸೊಪ್ಪಿನ ಬುಟ್ಟಿಯ ಹಾಗೆ ಎಂದಳು. ವೋಲ್ಟೇಜು ಏರುತ್ತ ಹೋದ ಕಡೆ ಬಿಡುವಿನ ಜಾಗವೂ ಏರಬೇಕಂತೆ. ನೂರ ಎಂಬತ್ತು ಸುತ್ತು. ಇಳಿಜಾರಿನ ಮೇಲೆ ತಂತಿ ಜಾರುತ್ತದೆ, ಒಂದೊಂದು ಸುತ್ತನ್ನೂ ಬೆರಳಲ್ಲಿ ಒತ್ತಿ ಹಿಡಿದು ಕೂರಿಸಬೇಕು. ಒಂಬತ್ತು ದಿನ ಹಿಡಿಯಿತು. ಆಮೇಲೆ ಅದನ್ನು ಟ್ಯಾಂಕಿಗಿಳಿಸಿ, ಗಾಳಿಯ ಒಂದು ಗುಳ್ಳೆಯೂ ಉಳಿಯದಂತೆ ಪಂಪಿನಲ್ಲಿ ಎಳೆದು, ಎಣ್ಣೆ ತುಂಬಿದೆವು. ಟ್ಯಾಂಕಿನ ಮೇಲೆ ಮೊಳದುದ್ದದ ಬಿಳಿ ಪಿಂಗಾಣಿಯ ಕೊರಳು. ಅದರ ತುದಿಯಿಂದಲೇ ವೋಲ್ಟೇಜು ಹೊರಗೆ ಬರುವುದು.

ಹಬ್ಬದ ಹಿಂದಿನ ದಿನ ಪರೀಕ್ಷೆ ಮಾಡಿದರು. ನಲವತ್ತು ಸಾವಿರಕ್ಕೆ ಗಟ್ಟಿಯಾಗಿ ನಿಂತಿತು. ಕುಸುಮಾ ಎಲ್ಲರಿಗೂ ಬಾದಾಮಿ ಹಾಲು ತರಿಸಿದಳು.

ನನಗೆ ಮಾತ್ರ ಒಳಗೊಳಗೇ ಒಂದು ಭಯವಿತ್ತು. ಓಬಳಪ್ಪ ಎಂಬ ಮೇಸ್ತ್ರಿ ನಮ್ಮಲ್ಲಿದ್ದ. ಮೂವತ್ತು ವರ್ಷದ ಹಿಂದೆ ಅವನು ಸ್ವಿಚ್ ಆರಿಸಿ, ದೀಪವೂ ಆರಿದ್ದನ್ನು ಕಣ್ಣಾರೆ ನೋಡಿಯೇ ಪರೀಕ್ಷೆಯ ಯಂತ್ರದೊಳಗೆ ಕೈ ಇಟ್ಟಿದ್ದ. ಕೆಪಾಸಿಟರ್ ಸ್ವಿಚ್ಚಿನ ಮಾತು ಕೇಳುವುದಿಲ್ಲ. ತುಂಬಿಟ್ಟುಕೊಂಡದ್ದನ್ನು ಅವನ ಕೈಗೆ ಸುರಿಯಿತು. ಜೀವ ಉಳಿಯಿತು, ಎಡಗೈ ಬೆರಳು ಮತ್ತೆ ಮಡಿಚಲಿಲ್ಲ. ಅವನೇ ಆಮೇಲೆ ಒಣ ಕೋಲಿಗೆ ಹಿತ್ತಾಳೆ ಕೊಕ್ಕೆ ಕೂರಿಸಿ, ಕೊಕ್ಕೆಯಿಂದ ನೆಲಕ್ಕೆ ತಾಮ್ರದ ಜಡೆ ಬಿಟ್ಟು ಅರ್ಥಿಂಗ್ ಕೋಲು ಮಾಡಿಟ್ಟ. ಆ ಕೊಕ್ಕೆಯನ್ನು ಹೊರಗಿನಿಂದ ಕೆಪಾಸಿಟರಿಗೆ ಮುಟ್ಟಿಸಿ, ನೇತುಹಾಕಿದ ಮೇಲೆಯೇ ಗೂಡಿನೊಳಗೆ ಕಾಲಿಡಬೇಕು. ಒಳಗೆ ಹೋಗುವವರ ಸೊಂಟದಲ್ಲೇ ಸ್ವಿಚ್ಚಿನ ಕೀ ಇರಬೇಕು.

ಆಯುಧಪೂಜೆಯ ದಿನ ಕೊಕ್ಕೆ ನೇತುಹಾಕಿಸಿಯೇ ಗೂಡಿಗೆ ಹೋದೆ. ಬೇರೆ ಯಂತ್ರಕ್ಕೆಲ್ಲ ಮೈಗೆ ವಿಭೂತಿ ಹಚ್ಚಿದವಳಿಗೆ, ಇದರ ಮುಂದೆ ನಿಂತಾಗ ಓಬಳಪ್ಪನ ಮಡಿಚದ ಬೆರಳೂ ಕುಸುಮಾಳ ಬೆರಳೂ ಒಟ್ಟಿಗೆ ಕಣ್ಣಿಗೆ ಬಂದವು. ಇದಕ್ಕೆ ಹಣೆ ಎಂದರೆ ಆ ಪಿಂಗಾಣಿಯೇ ಎಂದುಕೊಂಡು, ನೀರು ಹೆಚ್ಚಾಗಿಯೇ ಕಲೆಸಿದ ವಿಭೂತಿಯನ್ನು ಅದರ ಕೊರಳಿಗೆ ಸುತ್ತಲೂ ಎಳೆದೆ. ಮಗು ತಣ್ಣಗಿರಲಿ ಎಂದು ಬೇಡಿಕೊಂಡೆ.

ಸೋಮವಾರ, ಹಬ್ಬದಿಂದ ಹಿಡಿದ ಮಳೆಯ ನಡುವೆಯೇ ಕೆಲಸ ಶುರುವಾದಾಗ ಹೂವು ತೆಗೆದು, ಮುಂದಿನಿಂದ ಒರೆಸಿ, ಕುಸುಮಾ ಪರೀಕ್ಷೆಗೆ ಕೊಟ್ಟಳು. ಮೂವತ್ತು ಸಾವಿರ ಮುಟ್ಟುವ ಮೊದಲೇ ಚಟ್ ಎಂದಿತು. ಅಳತೆ ಯಂತ್ರದ ತೆರೆಯ ಮೇಲಿನ ಗೆರೆ ಕುಸಿದುಬಿತ್ತು. ಮಂಗಳವಾರ ಇನ್ನೂ ಕೆಳಗೆ, ಇಪ್ಪತ್ತಾರಕ್ಕೇ. ಬಸವಪ್ರಭು ಬಂದು ನೋಡುವುದು ಗುರುವಾರ. ಕಾಗದ ಕಡಿಮೆಯಾಗಿ ಒಳಗೇ ಸಿಡಿದಿದೆ ಎಂದು ವಿಶ್ವ ತೀರ್ಮಾನಿಸಿ, ಬುಧವಾರ ಮೂರು ಗಂಟೆಗೆ ಎಣ್ಣೆ ತೆಗೆದು ಟ್ಯಾಂಕ್ ಬಿಚ್ಚಲು ಆಳುಗಳಿಗೆ ಹೇಳಿದ. ಬಿಚ್ಚಿದರೆ ಮತ್ತೆ ಮುಚ್ಚುವುದಕ್ಕೆ ಹದಿನೈದು ದಿನ. ಅಂದರೆ ಗುರುವಾರ ತೋರಿಸಲು ಏನೂ ಇರುವುದಿಲ್ಲ.

ಕುಸುಮಾ ಊಟದ ಡಬ್ಬಿ ತೆರೆಯದೆ ನನ್ನ ಪಕ್ಕ ಬಂದು ಕೂತಳು.

"ಎರಡು ಪದರ ಕಮ್ಮಿ ಮಾಡ್ಬಾರ್ದಿತ್ತಮ್ಮ," ಎಂದಳು. "ನನ್ನ ಜಂಬ ಅದು."

ಎರಡು ದಿನದಿಂದ ನನ್ನ ಅನುಮಾನವೆಲ್ಲ ನನ್ನ ಬೆರಳಿನ ಮೇಲೇ ಇತ್ತು. ಅರವತ್ತೆಂಟರ ಕೈ, ಎಲ್ಲೋ ತಂತಿಯ ಮೇಲಿನ ಲೇಪ ಉಗುರು ತಾಗಿ ಕಿತ್ತುಹೋಗಿರಬೇಕು ಎಂದುಕೊಂಡು, ನೂರ ಎಂಬತ್ತು ಸುತ್ತನ್ನೂ ಮನಸ್ಸಿನಲ್ಲೇ ಮತ್ತೆ ಸುತ್ತಿ ನೋಡಿದ್ದೆ. ಎಂಬತ್ತೇಳನೆಯದರಲ್ಲಿ ಕರೆಂಟು ಹೋಗಿದ್ದು, ನೂರ ಹನ್ನೆರಡರಲ್ಲಿ ಪಕ್ಕದವಳು ಕಾಫಿ ತಂದದ್ದು, ಎಲ್ಲ ನೆನಪಿಗೆ ಬಂತು. ತಪ್ಪಿದ ಸುತ್ತು ಮಾತ್ರ ಒಂದೂ ಸಿಗಲಿಲ್ಲ. ಹಾಗಾದರೆ ಸುತ್ತು ಅಲ್ಲ. ಹಬ್ಬದ ಹಿಂದಿನ ದಿನ ನಿಂತದ್ದು ಹಬ್ಬ ಕಳೆದು ನಿಲ್ಲಲಿಲ್ಲವೆಂದರೆ, ನಡುವೆ ಆದದ್ದು ಹಬ್ಬ ಒಂದೇ.

ಓಬಳಪ್ಪ ಒಂದು ಮಾತು ಹೇಳುತ್ತಿದ್ದ. ಕಿವಿಯನ್ನು ನಂಬಬೇಡಿ, ಕತ್ತಲು ಮಾಡಿಕೊಂಡು ಕಣ್ಣಲ್ಲಿ ನೋಡಿ ಎಂದು. ಬಿಚ್ಚುವ ಮೊದಲು ಇನ್ನೊಂದೇ ಸಲ, ಕಡಿಮೆ ವೋಲ್ಟೇಜಿನಲ್ಲಿ ಕೊಡು, ಕಿಟಕಿ ಬಾಗಿಲು ಎಲ್ಲ ಹಾಕು ಎಂದು ಕುಸುಮಾಳನ್ನು ಕೇಳಿದೆ. ಒಳಗೆ ಇನ್ನಷ್ಟು ಸುಟ್ಟೀತು ಎಂದು ಅವಳಿಗೆ ಮನಸ್ಸಿರಲಿಲ್ಲ. ಮೂರೇ ಹೊಡೆತ ಎಂದು ಒಪ್ಪಿಸಿದೆ. ಮಧ್ಯಾಹ್ನ ಎರಡು ಗಂಟೆಗೆ ಷಟರ್ ಎಳೆದು, ಬೆಳಕಂಡಿಗೆ ಗೋಣಿ ಹೊದಿಸಿದೆವು. ಎಲ್ಲರೂ ಎಂದಿನಂತೆ ಮುಂದೆ, ತೆರೆಯ ಹತ್ತಿರ ನಿಂತರು. ನಾನು ಗೂಡಿನ ಹಿಂದುಗಡೆ, ಪೊರಕೆ ಮತ್ತು ಎಣ್ಣೆ ಡಬ್ಬ ಇಡುವ ಸಂದಿಗೆ ಹೋಗಿ ಜಾಲರಿಯ ಹೊರಗೆ ನಿಂತೆ. ಅಲ್ಲಿ ಯಾರೂ ನಿಲ್ಲುವುದಿಲ್ಲ.

ಮೊದಲ ಹೊಡೆತಕ್ಕೆ ಏನೂ ಕಾಣಲಿಲ್ಲ. ಎರಡನೆಯದಕ್ಕೆ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ನೀಲಿ ಬೆಳಕು. ಮೂರನೆಯದಕ್ಕೆ ಅದು ತುದಿಯಿಂದ ಬುಡದವರೆಗೆ ಅಂಕುಡೊಂಕಾಗಿ ಇಳಿಯಿತು. ಆ ದಾರಿಯ ಗುರುತು ನನಗಿತ್ತು. ಕೊರಳಿಗೆ ಎಳೆದ ವಿಭೂತಿಯ ನೀರು ಅಂದು ನನ್ನ ಕಣ್ಣೆದುರೇ ಹಿಂದಕ್ಕೆ ಇಳಿದಿತ್ತು. ಮುಂದಿನಿಂದ ಒರೆಸಿದವರಿಗೆ ಅದು ಸಿಕ್ಕಿರಲಿಲ್ಲ.

ಯಾರೂ ಇಲ್ಲದಾಗ ಒರೆಸಿ ಸುಮ್ಮನಾಗಬಹುದಿತ್ತು ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೊರಗೆ ಆಳುಗಳು ಪಂಪು ಇಳಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ನಿಲ್ಸು ಮಗಳೇ," ಎಂದೆ. "ನಿನ್ ಕಾಗದ ಸರಿಯಾಗೇ ಇದೆ. ಬೆಂಕಿ ಹೊರಗಿಂದ ಇಳೀತಿದೆ. ಅದಕ್ಕೆ ದಾರಿ ಮಾಡ್ಕೊಟ್ಟೋಳು ನಾನು."

ದೀಪ ಹಾಕಿದರು. ವಿಭೂತಿಯ ನೀರು ಹಿಂದಕ್ಕೆ ಇಳಿದ ವಿಷಯ ಹೇಳಿದೆ. ಯಾಕೆ ಅಲ್ಲೇ ಹಚ್ಚಿದೆ ಎಂದೂ ಹೇಳಿದೆ. ಕುಸುಮಾ ಬಾಯಿಗೆ ಕೈ ಇಟ್ಟುಕೊಂಡಳು. ಬೂದಿಯಲ್ಲಿ ಉಪ್ಪಿನ ಅಂಶ ಇರುತ್ತದೆ, ನಾಲ್ಕು ದಿನದ ಮಳೆಯ ತೇವಕ್ಕೆ ಅದು ತಂತಿಯ ಹಾಗೇ ಆಗಿಬಿಡುತ್ತದೆ, ನಾನೇ ಹಿಂಬದಿ ನೋಡಬೇಕಿತ್ತು ಎಂದು ಒಂದೇ ಉಸಿರಿಗೆ ಹೇಳಿದಳು. ವಿಶ್ವನಿಗೆ ಬೇರೆಯದೇ ಚಿಂತೆ.

"ವಿಭೂತಿಯಿಂದ ಕೆಡ್ತು ಅಂತ ಬಸವಪ್ರಭು ಅವ್ರ ಮುಂದೆ ಹೇಳೋದಾ ಕಲ್ಯಾಣಮ್ಮನೋರೇ? ಅವ್ರು ಹಣೆ ತುಂಬ ಇಟ್ಕೊಂಡು ಬರ್ತಾರೆ."

"ಅವ್ರ ಹಣೆಗೆ ನಲವತ್ತು ಸಾವಿರ ವೋಲ್ಟ್ ಕೊಡಲ್ವಲ್ಲ ಸಾರ್," ಎಂದಳು ಕುಸುಮಾ. ಮೂರು ದಿನದ ಮೇಲೆ ಅವಳು ನಕ್ಕದ್ದು ಆಗಲೇ.

ಆಳುಗಳಿಗೆ ಕಾಯಲು ಹೇಳಿದರು. ಕುಸುಮಾ ಸ್ವಿಚ್ ಆರಿಸಿ, ಕೀ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಸರ ಎಷ್ಟೇ ಇರಲಿ, ಓಬಳಪ್ಪನ ಕೋಲನ್ನು ಹೊರಗಿನಿಂದಲೇ ಕೆಪಾಸಿಟರಿಗೆ ಮುಟ್ಟಿಸಿದಳು. ಸಣ್ಣದೊಂದು ಕಿಡಿ ಹಾರಿತು. ಆರಿಸಿದ ಮೇಲೂ ಅಷ್ಟು ಉಳಿದಿತ್ತು. ಕೊಕ್ಕೆಯನ್ನು ಅಲ್ಲೇ ನೇತುಹಾಕಿ ಒಳಗೆ ಹೋಗಿ, ಸ್ಪಿರಿಟ್ ಬಟ್ಟೆಯಲ್ಲಿ ಪಿಂಗಾಣಿಯನ್ನು ಸುತ್ತಲೂ, ಒಂದೊಂದು ಮಡಿಕೆಯನ್ನೂ ಒರೆಸಿದಳು. ಬಟ್ಟೆಗೆ ಬಿಳಿ ಬಂತು, ಹಿಂಬದಿಯಲ್ಲಿ ಕಂದು ಬಂತು. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದು ಅರ್ಧ ಗಂಟೆ ಒಣಗಿಸಿದಳು. ಆಚೆ ಬಂದು, ಬಾಗಿಲು ಹಾಕಿ, ಎಲ್ಲರೂ ಹೊರಗಿದ್ದೇವೆಯೇ ಎಂದು ತಲೆ ಎಣಿಸಿ, ಕೊನೆಗೆ ಹೊರಗಿನಿಂದಲೇ ಕೋಲು ಬಿಡಿಸಿದಳು.

ಮೂವತ್ತಕ್ಕೆ ನಿಂತಿತು. ಮೂವತ್ತೈದಕ್ಕೆ ನಿಂತಿತು. ನಲವತ್ತಕ್ಕೆ ಹೋದಾಗ ವಿಶ್ವ ತೆರೆಯ ಕಡೆ ನೋಡಲಾರದೆ ನನ್ನ ಕಡೆ ನೋಡುತ್ತಿದ್ದ. ಟಕ್ ಟಕ್ ಟಕ್ ಎಂದು ಗಡಿಯಾರದ ಹಾಗೆ ಹೊಡೆಯುತ್ತಲೇ ಇತ್ತು. ಹೊರಗೆ ಪಂಪಿನವರಿಗೆ ಕಾಫಿ ಕೊಡಿಸಿ ಕಳಿಸಿದರು.

ಗುರುವಾರ ಬಸವಪ್ರಭು ಬಂದರು. ವಿಶ್ವ ಹೇಳಿದ ಹಾಗೆ ಹಣೆ ತುಂಬ ವಿಭೂತಿ. ಒಂದು ಗಂಟೆ ನಿಂತು ನೋಡಿದರು, ಗೆರೆ ಅಲುಗಲಿಲ್ಲ. ನಡೆದದ್ದನ್ನೆಲ್ಲ ಕುಸುಮಾಳೇ ಮುಚ್ಚುಮರೆಯಿಲ್ಲದೆ ಹೇಳಿದಳು. ಅವರು ತಮ್ಮ ಹಣೆ ಮುಟ್ಟಿಕೊಂಡು, ನಮ್ಮ ಯಂತ್ರದ ಹತ್ತಿರವೂ ಹಬ್ಬದ ದಿನ ಹುಡುಗರು ಏನೇನು ಮಾಡಿದ್ದಾರೋ ಮೊದಲು ನೋಡುತ್ತೇನೆ ಎಂದು ಫೋನ್ ತೆಗೆದರು. ಹೋಗುವಾಗ ಇನ್ನೆರಡು ಬೇಕು ಎಂದು ಹೇಳಿಹೋದರು.

ಮುಂದಿನ ವಾರ ಕುಸುಮಾ ಎರಡನೆಯದರ ನಕ್ಷೆಯನ್ನು ನನ್ನ ಮೇಜಿನ ಮೇಲೆ ಹರಡಿದಳು. ಎಲ್ಲ ಇಂಗ್ಲಿಷು, ಅಂಕಿ, ಬಾಣದ ಗುರುತು. ನನಗೆ ಬೇಕಾದ್ದು ಸುತ್ತಿನ ಲೆಕ್ಕ ಮಾತ್ರ, ಅದನ್ನು ಹುಡುಕುತ್ತಿದ್ದೆ. ಆಗ ಕೆಳಗಡೆ, ಟ್ಯಾಂಕಿನ ಬುಡದಲ್ಲಿ, ವೋಲ್ಟೇಜಿಲ್ಲದ ಕಡೆ, ನೆಲಕ್ಕೆ ತಂತಿ ಕಟ್ಟುವ ಬೋಲ್ಟಿನ ಪಕ್ಕ, ಒಂದು ಸಣ್ಣ ವೃತ್ತ ಕಂಡಿತು. ಅದರ ಮುಂದೆ ಕನ್ನಡದಲ್ಲಿ ಎರಡೇ ಪದ. ಕನ್ನಡಕ ಸರಿಮಾಡಿಕೊಂಡು ಅಕ್ಷರ ಕೂಡಿಸಿ ಓದಿದೆ.

ವಿಭೂತಿ ಇಲ್ಲಿ.

"ಎಷ್ಟಗಲ ಬೇಕಮ್ಮ?" ಎಂದು ಕೇಳಿದಳು.

ನನ್ನ ಮೂರು ಬೆರಳು ಜೋಡಿಸಿ ವೃತ್ತದ ಮೇಲಿಟ್ಟು ತೋರಿಸಿದೆ. ಅವಳು ಪೆನ್ಸಿಲಿನಲ್ಲಿ ಅಳತೆ ಗುರುತು ಹಾಕಿಕೊಂಡಳು.