ಜಾಳಗಿಯ ಮೇಲಿನ ದೀಪ

"ಎಳೀಲೇ, ಎಳಿ! ನಿನ್ನೌನ, ಸತ್ತ ಎಮ್ಮಿಗಂತೂ ನಾಚಿಕಿ ಇಲ್ಲ, ನಿನಗೂ ಇಲ್ಲೇನು? ಗಿರಣಿ ನಿಂತ್ರ ನಿಮ್ಮಪ್ಪ ಬಂದು ಓಡಸ್ತಾನೇನೋ, ಹೊಲಗೇರಿ ಸೂಳಿಮಗನ!"

ಮುಕಾದಮ ಬೀರಸಿದ್ದಪ್ಪ ದಂಡೆಯ ಮೇಲೆ ಕೊಡೆ ಹಿಡಿದು, ಧೋತರದ ಚುಂಗನ್ನು ಮೂಗಿಗೆ ಒತ್ತಿಕೊಂಡು ಬಯ್ಯುತ್ತಿದ್ದ. ನಾನು ಮತ್ತು ಕೆಂಚವ್ವ ಎದೆಮಟ್ಟದ ನೀರಿನಲ್ಲಿ ನಿಂತು, ಉಬ್ಬಿದ ಎಮ್ಮೆಯ ಹೊಟ್ಟೆಗೆ ಕೊಕ್ಕೆಯ ಗಳ ಸಿಕ್ಕಿಸಿ ಜಗ್ಗುತ್ತಿದ್ದೆವು. ಮೂಗು ಮುಚ್ಚಿಕೊಳ್ಳಲು ನಮಗೆ ಕೈ ಬಿಡುವಿರಲಿಲ್ಲ.

ಇದು ಗೋಕಾಕ ಫಾಲ್ಸಿನ ದೊಡ್ಡ ಗಿರಣಿಯ ಮಾತಲ್ಲ. ಯಮಕನಮರಡಿಯ ಆಚೆ, ಹೊಳೆಯ ತಿರುವಿನಲ್ಲಿ ಕೂತಿದ್ದ ನಮ್ಮ ಸಣ್ಣ ನೂಲಿನ ಗಿರಣಿಯ ಮಾತು. ಹೊಳೆಯ ನೀರನ್ನು ಕಾಲುವೆಗೆ ತಿರುಗಿಸಿದ್ದರು. ಕಾಲುವೆಯ ನೀರು ಚಕ್ರ ತಿರುಗಿಸಿದರೆ ಕರೆಂಟು. ಕರೆಂಟು ಬಂದರೆ ಗಿರಣಿಯ ಯಂತ್ರ, ಗುಡ್ಡದ ಮೇಲಿನ ಬಂಗಲೆಯಲ್ಲಿ ಮ್ಯಾನೇಜರ್ ಸಾಹೇಬನ ತಲೆಯ ಮೇಲಿನ ಪಂಖಾ. ಕಾಲುವೆಯ ಬಾಯಿಗೆ ಒಂದು ಕಬ್ಬಿಣದ ಸರಳುಗಳ ಜಾಳಗಿ. ಮುಳ್ಳುಕಂಟಿ, ಬಾಳೆದಿಂಡು, ಸತ್ತ ದನ, ಹೊಳೆ ತಂದದ್ದೆಲ್ಲ ಬಂದು ಅದಕ್ಕೆ ಅಂಟುತ್ತಿತ್ತು. ಅದನ್ನು ಯಾರಾದರೂ ನೀರಿಗಿಳಿದು ಕೀಳದಿದ್ದರೆ ಒಳಗೆ ನೀರಿಲ್ಲ, ಚಕ್ರವಿಲ್ಲ, ಪಂಖಾ ಇಲ್ಲ. ಹೆಣ ಮುಟ್ಟುವ ಕೆಲಸವಾದ್ದರಿಂದ ಅದನ್ನು ನಮ್ಮ ಓಣಿಗೇ ಬಿಟ್ಟಿದ್ದರು. ಇಡೀ ಗಿರಣಿಯಲ್ಲಿ ನಮ್ಮೊಡನೆ ಯಾರೂ ಪೈಪೋಟಿಗೆ ಬಾರದ ಕೆಲಸ ಅದೊಂದೇ. ನಾವು ಅದೃಷ್ಟವಂತರು.

ಗಿರಣಿಗೂ ಬಂಗಲೆಗೂ ಬೆಳಕು ಹುಟ್ಟುವ ಆ ಜಾಗದಲ್ಲಿ ಮಾತ್ರ ಒಂದು ದೀಪ ಇರಲಿಲ್ಲ.

ಹೋದ ಮಳೆಗಾಲದಲ್ಲಿ, ಸಂಜೆ ಕತ್ತಲಾಗುವ ಹೊತ್ತಿಗೆ, ಕೆಂಚವ್ವನ ಗಂಡ ಯಲ್ಲಪ್ಪನ ಕಾಲು ಜಾರಿತು. ನೀರಿನ ಸೆಳವು ಅವನನ್ನು ಜಾಳಗಿಗೆ ಒತ್ತಿ ಹಿಡಿಯಿತು. "ಪರಸ್ಯಾ, ಗಳಾ ಕೊಡೋ" ಎಂದು ಎರಡು ಸಲ ಕೂಗಿದ. ನಾನು ಗಳ ಚಾಚಿದೆ. ಅವನ ಕೈ ಎಲ್ಲಿದೆಯೆಂದು ನನಗೆ ಕಾಣಲಿಲ್ಲ, ನನ್ನ ಗಳ ಎಲ್ಲಿದೆಯೆಂದು ಅವನಿಗೆ ಕಾಣಲಿಲ್ಲ. ಆಗ ಗುಡ್ಡದ ಮೇಲೆ ಬಂಗಲೆಯ ಅಷ್ಟೂ ಕಿಟಕಿಗಳು ಝಗಝಗ ಹೊಳೆಯುತ್ತಿದ್ದವು. ಮೂರನೆಯ ಸಲ ಅವನು ಕೂಗಲಿಲ್ಲ.

ಹನ್ನೆರಡನೆಯ ದಿನ ಮುಕಾದಮ ಯಲ್ಲಪ್ಪನ ಗಳವನ್ನೇ ತಂದು ಕೆಂಚವ್ವನ ಕೈಗಿಟ್ಟ. ಗಂಡನ ಜಾಗ ಹೆಂಡತಿಗೆ ಕೊಟ್ಟೆವೆಂದು ಕಂಪನಿಯವರು ದೊಡ್ಡ ಮನಸ್ಸು ತೋರಿಸಿದ್ದರು. ಅವಳು ಕೇಳಿದ್ದು ಒಂದೇ: "ಮುಂದಿನ ಮಳಿಯೊಳಗ ಒಂದು ದೀಪಾ ಹಾಕ್ರಿ. ಇಲ್ಲಂದ್ರ ಈ ವರ್ಷ ಅಂವ, ಬರೋ ವರ್ಷ ನಾ."

"ದೀಪಾ ಬೇಕಂತ, ರಾಣಿಗೆ!" ಎಂದು ನಕ್ಕು ಮುಕಾದಮ ಹೋಗಿಬಿಟ್ಟ.

ಬೇಸಿಗೆಯ ಹೊತ್ತಿಗೆ ರಾಜಪ್ಪನವರ ಮೋಟಾರು ಗಿರಣಿಗೆ ಬಂತು. ಹುಕ್ಕೇರಿಯಲ್ಲಿ ಅವರದು ಅಡತಿ ಅಂಗಡಿ, ಅದರ ಹಿಂದೆ ಎಣ್ಣೆಯ ಗಾಣ. ಮೈಮೇಲೆ ಹೊಸ ಖಾದಿ. ಹೋದ ವರ್ಷವಷ್ಟೇ ಆರಿಸಿ ಬಂದು ಆಗ ನಮ್ಮ ಸೀಮೆ ಸೇರಿದ್ದ ಮುಂಬೈ ಪ್ರಾಂತ್ಯದ ಅಸೆಂಬ್ಲಿಯ ಮೆಂಬರರಾಗಿದ್ದರು. ಗಾಣಕ್ಕೆ ಕರೆಂಟು ಕೇಳಲು ಮ್ಯಾನೇಜರನ ಹತ್ತಿರ ಬಂದಿದ್ದರು. ಅವನು ಕೊಡುವುದಿಲ್ಲ ಎಂದಿದ್ದ. ಆ ಸಿಟ್ಟಿನಲ್ಲಿ ತಿರುಗಿ ಹೋಗುವಾಗ ಕೆಂಚವ್ವ ಮೋಟಾರಿಗೆ ಅಡ್ಡ ನಿಂತಳು.

"ಅಲ್ಲೇ ನಿಂತು ಹೇಳವ್ವಾ, ಅಲ್ಲೇ" ಎಂದರು ಮೆಂಬರ್ ಸಾಹೇಬರು. ಅವಳು ಅಲ್ಲೇ ನಿಂತು ಹೇಳಿದಳು. ಅವರು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಖರೆ ಹೇಳಬೇಕೆಂದರೆ ಅವರ ಕಣ್ಣಲ್ಲಿ ನೀರೂ ಬಂತು.

"ಅಸೆಂಬ್ಲಿಯೊಳಗ ಮಂತ್ರಿಗಳನ್ನ ಎಬ್ಬಿಸಿ ನಿಂದ್ರಿಸಿ ಕೇಳ್ತೇನಿ ನೋಡು!"

"ಮಂತ್ರಿ ಯಾಕ್ರಿ ನಿಂದರಬೇಕ? ಅವರು ಕುಂತ್ರ ಕುಂಡ್ರಲ್ರಿ. ನನಗೊಂದು ದೀಪಾ ಬೇಕ್ರಿ" ಎಂದಳು ಕೆಂಚವ್ವ.

ಕೇಳಿದರು, ಸುಳ್ಳಲ್ಲ. ಮಂತ್ರಿಗೆ ಹಾಕಿದ ಪ್ರಶ್ನೆ ಮುಂಬೈಯಿಂದ ಬೆಳಗಾವಿಗೆ ಕಲೆಕ್ಟರರಿಗೆ ಬಂತು, ಅಲ್ಲಿಂದ ಹುಕ್ಕೇರಿಗೆ ತಾಲೂಕಿನ ಮಾಮಲೇದಾರರಿಗೆ, ಅಲ್ಲಿಂದ ನಮ್ಮ ಮ್ಯಾನೇಜರನ ಮೇಜಿಗೆ. ಯಾರ ಮೇಲೆ ದೂರು ಕೊಟ್ಟಿದ್ದೆವೋ ಅವನೇ ಉತ್ತರ ಬರೆದು ಕಳಿಸಬೇಕು; ಮಂತ್ರಿ ಅದನ್ನು ಎದ್ದು ನಿಂತು ಓದಬೇಕು. ರಾಜ್ಯ ಆಳುವುದು ಹೀಗೆ ಎಂದು ನಮಗೆ ಆಗ ತಿಳಿಯಿತು.

ಮಾಮಲೇದಾರರು ಪರೀಕ್ಷೆಗೆ ಬರುವ ಎರಡು ದಿನ ಮುಂಚೆ ಜಾಳಗಿಯ ಬಾಜೂ ಒಂದು ಕಂಬ ನಿಂತಿತು. ಕಂಬದ ತುದಿಗೆ ಒಂದು ಬಲ್ಬು. ಕೆಂಚವ್ವ ಕಂಬವನ್ನು ಮುಟ್ಟಿ ಹಣೆಗೆ ಒತ್ತಿಕೊಂಡಳು. ಆಮೇಲೆ ಮೇಲೆ ನೋಡಿ, "ವಾಯರ ಎಲ್ಲೈತೋ ಪರಸ್ಯಾ?" ಎಂದಳು. ವಾಯರ್ ಇರಲಿಲ್ಲ. ಬೆಳಗಾವಿಯಿಂದ ಬರಬೇಕಂತೆ.

ಮಾಮಲೇದಾರರು ಬಂಗಲೆಯಲ್ಲಿ ಊಟ ಮುಗಿಸಿ, ತಾಂಬೂಲ ಜಗಿಯುತ್ತ, ಸುಡುಸುಡು ಮಧ್ಯಾಹ್ನ ಕಾಲುವೆಗೆ ಬಂದರು. ಮ್ಯಾನೇಜರ್ ಒಂದು ಕಡೆ, ಮುಕಾದಮ ಇನ್ನೊಂದು ಕಡೆ. ನನ್ನನ್ನು ಕರೆದರು.

ನಮ್ಮ ಓಣಿಯಲ್ಲಿ ಕೂಸು ಮಾತು ಕಲಿಯುವಾಗಲೇ ಕಲಿಸುವ ಪಾಠ ಒಂದಿದೆ. ಸಾಹೇಬರ ಮುಂದೆ ತಲೆ ಬಗ್ಗಿಸು, ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಕೇಳದ್ದನ್ನು ಹೇಳಬೇಡ. ಹೇಳಿದವರ ಬೆನ್ನಿನ ಚರ್ಮ ಏನಾಯಿತೆಂದು ನನ್ನ ಅಜ್ಜನನ್ನು ನೋಡಿದವರಿಗೆ ಗೊತ್ತು.

"ಇಲ್ಲಿ ದೀಪ ಐತೇನು?"

"ಐತ್ರಿ."

"ಈಗ ಯಾಕ ಹತ್ತಿಲ್ಲ? ಹಗಲೊತ್ತು ದೀಪ ಹಚ್ಚತಾರೇನು?"

"ಇಲ್ರಿ."

"ಸಾಹೇಬ್ರ, ವಾಯರ..." ಎಂದು ಕೆಂಚವ್ವ ಬಾಯಿ ತೆರೆದಳು.

"ನಿನ್ನ ಕೇಳ್ಯಾರೇನ? ಮುಚ್ಚಲೇ ಬಾಯಿ, ರಂಡೆ!" ಮುಕಾದಮ ಕೊಡೆ ಎತ್ತಿದ. ಮಾಮಲೇದಾರರ ಕಾರಕೂನ ಬರೆದ ಕಾಗದಕ್ಕೆ ನನ್ನ ಹೆಬ್ಬೆಟ್ಟು ಒತ್ತಿಸಿದರು. ಮೂರೇ ಮೂರು ಮಾತಿನ ದೂರದಲ್ಲಿ ವಾಯರಿನ ಸಂಗತಿ ಇತ್ತು. ನಾನು ಹೇಳಲಿಲ್ಲ. ಕೇಳಿರಲಿಲ್ಲವಲ್ಲ.

ಮೂರು ದಿನ ಕೆಂಚವ್ವ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ನೀರಲ್ಲಿ ನಿಂತು, ನನ್ನ ಕಡೆ ನೋಡದೆ ಅಂದಳು: "ನೀ ಅಂದ ಎರಡೂ ಮಾತು ಖರೇನ ಅದಾವು ಪರಸ್ಯಾ. ನನ್ನ ಗಂಡ ಸತ್ತಿದ್ದಷ್ಟ ಸುಳ್ಳಾತು." ನನಗೆ ಆ ನೀರಲ್ಲೇ ಮುಳುಗಿ ಹೋಗಬೇಕು ಅನ್ನಿಸಿತು.

ತಿಂಗಳ ಮೇಲೆ ಪೇಪರು ಬಂತು. ಗಿರಣಿಯ ಬಾಗಿಲ ಮುಂದೆ ಚಹಾದ ಅಂಗಡಿ ಇಟ್ಟಿದ್ದ ಗಫಾರ ನಮ್ಮನ್ನು ಕೂಗಿ ಕರೆದು ಓದಿ ಹೇಳಿದ. ಪ್ರಶ್ನೆಗೆ ಐದು ಭಾಗ. ಮೊದಲ ಮೂರು ವ್ಯಾಪಾರದ್ದು: ಗಿರಣಿಯ ಹೆಚ್ಚಿನ ಕರೆಂಟನ್ನು ಹುಕ್ಕೇರಿಯ ಉದ್ದಿಮೆದಾರರಿಗೆ ಕೊಡಿಸುವಿರಾ, ಯಾವಾಗ, ಎಷ್ಟು ಅಗ್ಗಕ್ಕೆ. ಕಂಪನಿ ಸಂತೋಷದಿಂದ ಒಪ್ಪಿದೆ ಎಂದು ಮಂತ್ರಿಗಳ ಉತ್ತರ.

"ನಮ್ಮದು ಓದೋ ಗಫಾರಣ್ಣಾ" ಎಂದಳು ಕೆಂಚವ್ವ.

ಗಫಾರ ಮುಂದೆ ಓದಿದ. "ನಾಲ್ಕನೇದ್ದು. ಯಲ್ಲಪ್ಪ ಎಂಬ ಕೆಲಸಗಾರನು ಸದರಿ ಗಿರಣಿಯಲ್ಲಿ ಎಂದೂ ಇರಲಿಲ್ಲ. ಐದನೇದ್ದು. ದೀಪವಿರುವುದನ್ನು ಅಧಿಕಾರಿಗಳು ಕಣ್ಣಾರೆ ಕಂಡಿದ್ದಾರೆ, ಕೆಲಸಗಾರರೂ ಒಪ್ಪಿದ್ದಾರೆ. ಆದಕಾರಣ ಮುಂದಿನ ಕ್ರಮದ ಪ್ರಶ್ನೆ ಉದ್ಭವಿಸುವುದಿಲ್ಲ." ಕೊನೆಗೆ, "ಮಾನ್ಯ ಸದಸ್ಯರು ಸಮಾಧಾನ ವ್ಯಕ್ತಪಡಿಸಿದರು" ಎಂದು ಓದಿ ಪೇಪರು ಮಡಚಿಟ್ಟ. ಅವತ್ತು ಅವನು ನಮ್ಮ ಹತ್ತಿರ ಚಹಾದ ದುಡ್ಡು ಇಸಿದುಕೊಳ್ಳಲಿಲ್ಲ.

"ಇರಲೇ ಇಲ್ಲಂತ?" ಕೆಂಚವ್ವ ಕೇಳಿದಳು. "ಹಂಗಾರ ಹದಿನಾಲ್ಕು ವರ್ಷ ನಾ ಯಾರಿಗೆ ರೊಟ್ಟಿ ಕಟ್ಟಿ ಕಳಿಸಿದ್ನೋ?"

ಮಳೆಗಾಲ ಶುರುವಾಗಿ ಮಿರ್ಗದ ಮಳೆ ಹಿಡಿಯಿತು. ಹೊಸ ನೀರು ಕೆಂಪಗೆ, ಗುಡ್ಡದ ಕಸವನ್ನೆಲ್ಲ ಹೊತ್ತು ಬಂತು. ಅದೇ ವಾರ ಹುಕ್ಕೇರಿಗೆ ಕರೆಂಟು ಬಿಡುವ ಸಮಾರಂಭ. ಗಿರಣಿಯ ಅಂಗಳದಲ್ಲಿ ಮಂಟಪ, ಬಣ್ಣದ ಬಲ್ಬುಗಳ ಸರ, ಮುಂಬೈಯಿಂದ ತರಿಸಿದ ಲೌಡಸ್ಪೀಕರು. ಸಂಜೆ ಮೆಂಬರ್ ಸಾಹೇಬರು ಬಟನ್ ಒತ್ತಿದರು. ಚಪ್ಪಾಳೆ ಕಾಲುವೆಯತನಕ ಕೇಳಿಸಿತು.

ನಮ್ಮ ಮುಂದೆ ಜಾಳಗಿಯ ತುಂಬ ಕಂಟಿ ಬಂದು ಅಮರುತ್ತಿತ್ತು. ಮಬ್ಬುಗತ್ತಲು. ಕೆಂಚವ್ವ ನೀರಿನಲ್ಲಿ ಒಂದು ಕಾಲಿಟ್ಟಳು, ಗಳದಿಂದ ಆಳ ನೋಡಿದಳು, ತಲೆ ಎತ್ತಿ ಆ ಬಲ್ಬನ್ನು ನೋಡಿದಳು. ಕಾಲನ್ನು ಹಿಂದಕ್ಕೆ ತೆಗೆದುಕೊಂಡು ದಂಡೆಯ ಮೇಲೆ ಕೂತು, ಎಲೆ ಅಡಿಕೆಯ ಚೀಲ ಬಿಚ್ಚಿದಳು. ನಾಳೆ ಕೆಲಸವಿಲ್ಲ, ರೊಟ್ಟಿಯಿಲ್ಲ. ಆದರೂ ಮೇಲೆ ಬಂದು ಅವಳ ಪಕ್ಕ ಕೂತೆ. ಅರ್ಧ ಎಲೆ ಕೊಟ್ಟಳು.

"ಈ ಭಾಗದ ಕತ್ತಲೆಯನ್ನು ಹೊಡೆದೋಡಿಸುವ ಸಲುವಾಗಿ ಅಸೆಂಬ್ಲಿಯಲ್ಲಿ ಮಂತ್ರಿಗಳನ್ನು ನಾನು..." ಎನ್ನುತ್ತಿದ್ದ ಲೌಡಸ್ಪೀಕರಿನ ದನಿ ಸಣ್ಣಗಾಯಿತು, ಎಳೆಯಿತು, ನಿಂತಿತು. ಮಂಟಪದ ಬಲ್ಬುಗಳು ಕೆಂಪಾಗಿ ಆರಿದವು. ಬಂಗಲೆಯ ಕಿಟಕಿಗಳೂ ಆರಿದವು. ಅಯ್ಯ, ಎಷ್ಟು ಹಿತವಾಗಿತ್ತು!

ಬೀರಸಿದ್ದಪ್ಪ ಕೆಸರಲ್ಲಿ ಬಿದ್ದೆದ್ದು ಓಡಿಬಂದ. ಹಿಂದೆಯೇ ಬ್ಯಾಟರಿ ಹಿಡಿದ ಮ್ಯಾನೇಜರ್, ಹಾರ ಹಾಕಿಕೊಂಡ ಮೆಂಬರ್ ಸಾಹೇಬರು.

"ಎಲಿ ತಿನ್ನಾಕ ಕುಂತೀರೇನ, ಹಲ್ಕಟ್ ಸೂಳಿಮಕ್ಕಳ್ರ್ಯಾ! ಇಳೀರಿ ನೀರಾಗ!"

"ಇಲ್ಲಿ ಯಲ್ಲಪ್ಪ ಅನ್ನಾಂವ ಇರಲೇ ಇಲ್ಲಂತ ಸರಕಾರ ಹೇಳೇತ್ರಿ" ಎಂದಳು ಕೆಂಚವ್ವ, ಕೂತಲ್ಲಿಂದ ಏಳದೆ. "ಇಲ್ಲದಾವನ ಜಾಗಾದಾಗ ನಾ ಹೆಂಗ್ರಿ ನಿಂದರ್ಲಿ?"

ಮೆಂಬರ್ ಸಾಹೇಬರು ಮುಂದೆ ಬಂದರು. "ಏನವ್ವಾ ಇದು? ದೀಪಾ ಹಾಕ್ಸಿ ಕೊಟ್ಟೇನಲ್ಲ! ಏನೋ ಪರಸಪ್ಪ, ಐತೋ ಇಲ್ಲೋ?"

ಕೇಳಿದ್ದು ಅಷ್ಟೇ. ನಾನು ಎದ್ದು ನಿಂತೆ. ತಲೆ ಬಗ್ಗಲಿಲ್ಲ.

"ಐತ್ರಿ. ವಾಯರಿಲ್ರಿ. ಯಾವತ್ತೂ ಇರಲಿಲ್ರಿ. ಯಲ್ಲಪ್ಪ ಇದ್ದನ್ರಿ. ಇಲ್ಲೇ ಸತ್ತಾನ್ರಿ, ಈ ಜಾಳಗಿಗೆ ಒತ್ತಿ. ನಾ ಗಳಾ ಚಾಚಿದ್ನಿರಿ, ಅವಗ ಕಾಣ್ಲಿಲ್ರಿ."

ಮ್ಯಾನೇಜರನ ಬ್ಯಾಟರಿ ಬೆಳಕು ಕಂಬದ ಮೇಲೆ ಹೋಗಿ, ಒಂಟಿ ಬಲ್ಬಿನ ಮೇಲೆ ನಿಂತು, ಬೇಗ ಕೆಳಗಿಳಿಯಿತು. ನೀರು ಜಾಳಗಿಯನ್ನು ಗುದ್ದುತ್ತಿತ್ತು.

ಆಗ ಕೆಂಚವ್ವ ಎದ್ದಳು. ಬಾಯಲ್ಲಿದ್ದ ಎಲೆಯನ್ನು ಉಗುಳಿ, ಗಂಡನ ಗಳವನ್ನು ಎರಡೂ ಕೈಯಲ್ಲಿ ಹಿಡಿದು ಮೆಂಬರ್ ಸಾಹೇಬರ ಕಡೆ ಚಾಚಿದಳು.

"ಇಳೀರಿ ಸಾಹೇಬ್ರ. ದೀಪ ಐತಲ್ರಿ."

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಗಳವನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.